ಗೋಡೆಯಿಲ್ಲದ ಚುಕ್ಕೆ ಮತ್ತು ನೀಲಮ್ಮನ ಝುಣಕ

ಎಂಬತ್ತೆರಡನೇ ಇಸವಿಯಲ್ಲಿ ಉಡುಪಿಯಿಂದ ಜೇವರ್ಗಿಗೆ ಬಂದ ವಾರದಲ್ಲೇ, ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ, ಗುರುತಿಲ್ಲದ ಹೆಂಗಸೊಬ್ಬರು ನನ್ನ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಿದ್ದರು.

"ಬರೇ ಅನ್ನ ಏನ್ರಿ ಬಾಯಾರ? ರೊಟ್ಟಿ ಇಲ್ದ ಹ್ಯಾಂಗ ಹೊಟ್ಟಿ ತುಂಬ್ತದ?"

ಅವರು ಪಕ್ಕದ ಮನೆಯ ನೀಲಮ್ಮ. ಬಾಯಾರು ಎಂದರೆ ಟೀಚರಮ್ಮ, ಅಂದರೆ ನಾನು. ನಮ್ಮಲ್ಲಿ ನೆರೆಯವರು ಅಂಗಳದಲ್ಲೇ ನಿಂತು ಕೂಗುತ್ತಾರೆ. ಇಲ್ಲಿ ಬಾಗಿಲು ಹಾಕಿದರೆ, "ಆರಾಮಿಲ್ಲೇನ್ರಿ?" ಎಂದು ತಟ್ಟಿ ಕೇಳುತ್ತಾರೆ. ನಾನು ಹಟಕ್ಕೆ ಬಿದ್ದು ಹಾಕಿಯೇ ಇಟ್ಟೆ. ಒಂಟಿತನವೂ ನನ್ನೊಂದಿಗೆ ಒಳಗೇ ಉಳಿಯಿತು.

ಕಾಲೇಜಿನಲ್ಲಿ ನಾನು ಕಲಿಸುತ್ತಿದ್ದುದು ಜೀವಶಾಸ್ತ್ರ. ಪ್ರಾಕ್ಟಿಕಲ್ ಪರೀಕ್ಷೆಗೆಂದು ನೀರುಳ್ಳಿಗಳನ್ನು, ಇಲ್ಲಿಯವರ ಉಳ್ಳಾಗಡ್ಡಿಗಳನ್ನು, ಬೇರು ಬಿಡಲು ಮನೆ ಮುಂದಿನ ಕಟ್ಟೆಯಲ್ಲಿ ನೀರಿನ ಲೋಟಗಳ ಮೇಲೆ ಕೂರಿಸಿದ್ದೆ. ಸಂಜೆ ಬಂದರೆ ಲೋಟಗಳು ಖಾಲಿ. ನೀಲಮ್ಮ ತಟ್ಟೆ ತುಂಬ ಝುಣಕ, ಅಂದರೆ ಕಡಲೆಹಿಟ್ಟಿನ ಪಲ್ಯ, ಹಿಡಿದು ಬಂದರು.

"ನೀರಾಗ ಇಟ್ಟು ಮರ್ತೀರಿ, ಕೊಳ್ಯಾಕತ್ತಿದ್ವು. ಬೇರು ಕಡ್ದು ಒಗದು ಝುಣಕ ಮಾಡೇನ್ರಿ."

ಪರೀಕ್ಷೆಗೆ ನಾಲ್ಕೇ ದಿನ ಉಳಿದಿತ್ತು. ಅವು ಮಕ್ಕಳ ಪರೀಕ್ಷೆಗೆ ಎಂದಾಗ ಅವರ ಮುಖ ಸಪ್ಪಗಾಯಿತು. ನಾನು ಒಳಗೆ ಹೋಗಿ ಅತ್ತುಬಿಟ್ಟೆ, ವರ್ಗಾವಣೆಗೆ ಅರ್ಜಿಯನ್ನೂ ಬರೆದೆ.

ಮರುದಿನ ಬಾಗಿಲು ತೆರೆದರೆ ಕಟ್ಟೆಯ ಮೇಲೆ ಇಡೀ ಓಣಿಯ ಲೋಟಗಳು: ಸ್ಟೀಲಿನವು, ಹಿತ್ತಾಳೆಯವು, ಪ್ರತಿಯೊಂದರ ಮೇಲೂ ಒಂದು ಉಳ್ಳಾಗಡ್ಡಿ. ಯಾರು ಯಾರಿಗೆ ಹೇಳಿದರೋ ಇಂದಿಗೂ ತಿಳಿಯದು.

ಪರೀಕ್ಷೆ ಮುಗಿದ ಮೇಲೆ ನೀಲಮ್ಮನನ್ನು ಲ್ಯಾಬಿಗೆ ಕರೆದೊಯ್ದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಬೇರಿನ ಜೀವಕೋಶ, ಅದರ ನಡುವೆ ಕೋಶಕೇಂದ್ರ, ಅದರೊಳಗೆ ಕಂದು ಚುಕ್ಕೆ.

"ಆ ಚುಕ್ಕೆ ನ್ಯೂಕ್ಲಿಯೋಲಸ್. ಅಲ್ಲಿ ಆರ್‌ಎನ್‌ಎ ತಯಾರಾಗುತ್ತದೆ, ಪ್ರೋಟೀನುಗಳು ತಾವಾಗಿ ಬಂದು ಅದರ ಜೊತೆ ಸೇರುತ್ತವೆ. ಕೋಶ ಎರಡಾಗುವಾಗ ಎಲ್ಲ ಚದುರಿ, ಆಮೇಲೆ ಮತ್ತೆ ಕೂಡುತ್ತವೆ. ಆ ಚುಕ್ಕೆಯ ಸುತ್ತ ಗೋಡೆಯೇ ಇಲ್ಲ."

"ಕೆಲಸ ಇದ್ದಲ್ಲಿ ಮಂದಿ ಕೂಡ್ತದ್ರಿ. ಅದಕ್ಯಾಕ ಗ್ವಾಡಿ?" ಎಂದರು ನೀಲಮ್ಮ, ಕಣ್ಣು ತೆಗೆಯದೆ. "ನೀವೊಬ್ಬರೇ ನೋಡ್ರಿ, ಬಾಗಿಲಾ ಹಾಕೊಂಡು ಕುಂಡ್ರೋರು."

ನಗು ತಡೆಯಲಾಗಲಿಲ್ಲ. ಈ ಹೆಂಗಸನ್ನು ಬಿಟ್ಟು ಹೋಗುವುದು ನನ್ನಿಂದಾಗದು ಅನ್ನಿಸಿತು. ಅರ್ಜಿ ಚೀಲದಲ್ಲೇ ಉಳಿಯಿತು.

ಬೇಸಿಗೆ ರಜೆಗೆ ಉಡುಪಿಗೆ ಹೋದಾಗ, ನೆರೆಮನೆಯ ಅಡುಗೆಮನೆಗೆ ಸೀದಾ ನುಗ್ಗಿ ಪಾತ್ರೆಯ ಮುಚ್ಚಳ ಎತ್ತಿದೆ. ಆ ಮನೆಯಾಕೆ ಬೆಚ್ಚಿಬಿದ್ದರು.

"ಇದೆಂಥ ಬುದ್ಧಿ ಮಾರಾಯ್ತಿ?" ಎಂದು ಹಿಂದೆಯೇ ಬಂದ ಅಮ್ಮ ಗದರಿದಳು.

ಜೇವರ್ಗಿಯಲ್ಲಿ ವರ್ಷವಿಡೀ ಕುಚ್ಚಲಕ್ಕಿ ಗಂಜಿಗೆ ಹಂಬಲಿಸಿದವಳು ನಾನು. ಈಗ ಅದೇ ಗಂಜಿ ಎದುರಿಗಿತ್ತು, ನಾನೋ ಮುಚ್ಚಳ ಹಿಡಿದು ನಿಂತು, ರೊಟ್ಟಿ ಇಲ್ದ ಹ್ಯಾಂಗ ಹೊಟ್ಟಿ ತುಂಬ್ತದ ಎಂದು ಯೋಚಿಸುತ್ತಿದ್ದೆ.