ಅಣ್ಣ ಬಿಟ್ಟ ಚಿತ್ರಗಳು

ಮೂರನೇ ಸಂಪುಟ ಬಂದ ತಿಂಗಳಲ್ಲೇ ಅಣ್ಣ ದೂರು ಹೇಳಿದ.

"ಇದ್ರಲ್ಲಿ ಕತೆ ಕೂಡಲ್ಲ ಕಣೇ. ಮಧ್ಯ ಮಧ್ಯ ಚಿತ್ರಗಳನ್ನ ಬಿಟ್ಟವ್ರೆ."

ನಾನು ನಂಬಿದೆ. ಚಿತ್ರಕತೆಯ ವಿಷಯದಲ್ಲಿ ಅಣ್ಣನ ಮಾತನ್ನು ನಾನು ಯಾವತ್ತೂ ಅನುಮಾನಿಸಿದವಳಲ್ಲ.

ನಮ್ಮದು ಬೈರಕೂರು. ನಾನು ಮುಳಬಾಗಿಲಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ನನ್ನ ಗಂಡ ಮಾಲೂರಿನ ಕಾರ್ಖಾನೆಯೊಂದರಲ್ಲಿದ್ದಾರೆ, ಎರಡು ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಅಣ್ಣ ನನಗಿಂತ ಆರು ವರ್ಷ ದೊಡ್ಡವನು, ಅವನ ಮನೆ ಇರುವುದು ಎರಡು ಬೀದಿ ಆಚೆ. ಆಗ ಅವನು ಸ್ವಂತ ವ್ಯಾನಿನಲ್ಲಿ ಸುತ್ತಮುತ್ತಲ ಹಳ್ಳಿಗಳ ಮಕ್ಕಳನ್ನು ಮುಳಬಾಗಿಲಿನ ಒಂದು ಶಾಲೆಗೆ ಬಿಟ್ಟು, ಸಂಜೆ ಕರೆತರುತ್ತಿದ್ದ. ಐದನೇ ತರಗತಿಯಲ್ಲಿದ್ದ ನನ್ನ ಮಗಳೂ ಅದರಲ್ಲೇ ಹೋಗುತ್ತಿದ್ದಳು.

ನಾವು ಚಿಕ್ಕವರಿದ್ದಾಗ ಅಣ್ಣ ಮುಳಬಾಗಿಲಿನ ಗುಜರಿ ಅಂಗಡಿಯಿಂದ ಹಳೆಯ ಇಂಗ್ಲಿಷ್ ಕಾಮಿಕ್ಸ್ ತರುತ್ತಿದ್ದ. ಹಾರುವವರು, ಗೋಡೆ ಒಡೆಯುವವರು, ಮುಖವಾಡ ಹಾಕಿಕೊಂಡು ಊರು ಕಾಯುವವರು. ಒಂದಕ್ಕೂ ರಕ್ಷಾಪುಟ ಇರುತ್ತಿರಲಿಲ್ಲ, ಕೊನೆಯ ಪುಟವಂತೂ ಇರುತ್ತಲೇ ಇರಲಿಲ್ಲ. ನಮ್ಮ ಅಚ್ಚುಮೆಚ್ಚಿನ ವೀರನ ಹೆಸರೂ ನಮಗೆ ಗೊತ್ತಿರಲಿಲ್ಲ. ಹಸಿರು ಕೈಗವಸು ಹಾಕುತ್ತಿದ್ದನೆಂದು ಅವನನ್ನು 'ಹಸಿರು ಕೈಯೋನು' ಎನ್ನುತ್ತಿದ್ದೆವು. ಇಂಗ್ಲಿಷ್ ಇಬ್ಬರಿಗೂ ಬಾರದು. ಅಣ್ಣ ಒಂದೊಂದೇ ಚಿತ್ರದ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಕತೆ ಕಟ್ಟುತ್ತಿದ್ದ. ಯಾರಾದರೂ ಸಾಯುವಾಗ ಮಾತ್ರ ತೆಲುಗಿಗೆ ಹೋಗುತ್ತಿದ್ದ. ಕೊನೆಯ ಪುಟ ಹರಿದಿದ್ದರೆ ಕೊನೆಯನ್ನೂ ಅವನೇ ಹೇಳುತ್ತಿದ್ದ. ಅವನ ಕತೆಯಲ್ಲಿ ಹಸಿರು ಕೈಯೋನು ಒಮ್ಮೆಯೂ ಸೋಲಲಿಲ್ಲ.

ಅದೇ ಕತೆಗಳು ಈಗ ಗಟ್ಟಿ ರಟ್ಟಿನ ದಪ್ಪ ಸಂಪುಟಗಳಾಗಿ ಮತ್ತೆ ಅಚ್ಚಾಗಿವೆ ಎನ್ನುವುದು ಒಂದು ದಿನ ಫೋನಿನಲ್ಲಿ ಕಣ್ಣಿಗೆ ಬಿತ್ತು. ಇಪ್ಪತ್ತಕ್ಕೂ ಹೆಚ್ಚು ಸಂಚಿಕೆಗಳು ಒಂದೊಂದು ಪುಸ್ತಕದಲ್ಲಿ, ಅನುಕ್ರಮವಾಗಿ, ಮೊದಲಿನ ರಕ್ಷಾಪುಟಗಳ ಸಮೇತ. ತರಿಸಿದೆ. ಕಚೇರಿಗೆ ಬಂದ ಪಾರ್ಸಲನ್ನು ಎತ್ತಿಕೊಟ್ಟ ಜವಾನ, "ಏನ್ ಮೇಡಂ, ಗ್ರಾನೈಟ್ ತರ್ಸಿದ್ರಾ?" ಎಂದು ನಕ್ಕ.

ಆಮೇಲೆ ಭಾನುವಾರಗಳು ಬದಲಾದವು. ಅಣ್ಣ ಊಟ ಮುಗಿಸಿ ಬರುತ್ತಿದ್ದ. ಕೈಯನ್ನು ಸೋಪು ಹಾಕಿ ತೊಳೆದು, ಟವಲಿನಲ್ಲಿ ಎರಡು ಸಲ ಒರೆಸಿಕೊಂಡು, ತೊಡೆಯ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ಪುಸ್ತಕ ಇಟ್ಟುಕೊಳ್ಳುತ್ತಿದ್ದ. ನುಣ್ಣನೆಯ ಕಾಗದ. ನಮ್ಮ ಹಳೆಯ ಪುಟಗಳಲ್ಲಿ ಇಟ್ಟಿಗೆಯ ಬಣ್ಣಕ್ಕೆ ಇಳಿದಿದ್ದ ಕೆಂಪು ಇಲ್ಲಿ ರಕ್ತದ ಹಾಗೆ ಹೊಳೆಯುತ್ತಿತ್ತು. ಹರಿದುಹೋಗಿದ್ದ ಕೊನೆಯ ಪುಟಗಳನ್ನು ಮೂವತ್ತೈದು ವರ್ಷಗಳ ಮೇಲೆ ಮೊದಲ ಸಲ ನೋಡಿದೆವು. ಅಣ್ಣ ಗೆಲ್ಲಿಸಿದ್ದ ಎಷ್ಟೋ ಕತೆಗಳಲ್ಲಿ ಹಸಿರು ಕೈಯೋನು ನಿಜವಾಗಿ ಸೋತಿದ್ದ. ಒಂದರಲ್ಲಿ ಅವನು ಕಾಪಾಡಲು ಹೋದ ಮನೆ, ಒಳಗಿದ್ದವರ ಸಮೇತ ಸುಟ್ಟುಹೋಗಿತ್ತು. ಅಣ್ಣ ಆ ಪುಟವನ್ನು ತುಂಬ ಹೊತ್ತು ನೋಡಿ, "ನಾನು ಹೇಳಿದ್ದೇ ಚೆನ್ನಾಗಿತ್ತು ಬಿಡೇ" ಎಂದ.

ಚಿತ್ರ ಬಿಟ್ಟುಹೋಗಿದೆ ಎಂದ ಮೇಲೆ, ಮಾರಿದವರಿಗೆ ದೂರು ಬರೆಯೋಣ ಎಂದುಕೊಂಡೆ. ಬರೆಯಬೇಕಾದರೆ ಯಾವ ಪುಟ ಎಂದು ಹೇಳಬೇಕಲ್ಲ. ಅಣ್ಣ ಹೇಳಿದ್ದ ಜಾಗಗಳನ್ನು ಚೀಟಿಯಲ್ಲಿ ಬರೆದುಕೊಂಡು ಒಂದು ಭಾನುವಾರ ಬೆಳಿಗ್ಗೆ ಕುಳಿತೆ. ಬಾಗಿಲು ಹಾಕಿದ ಮನೆಯಿಂದ ಹುಡುಗಿ ಹೇಗೆ ಹೊರಗೆ ಬಂದಳು ಎಂದು ಅವನು ಕೇಳಿದ್ದ. ಹಿತ್ತಲ ಕಿಟಕಿಯಿಂದ ಅವಳು ಇಳಿಯುವ ಚಿತ್ರ ಅಲ್ಲೇ ಇತ್ತು. ಕಳ್ಳನ ಕೈಗೆ ಚಾಕು ಎಲ್ಲಿಂದ ಬಂತು ಎಂದಿದ್ದ. ಮೇಜಿನ ಮೇಲಿಂದ ಅದನ್ನು ಎತ್ತಿಕೊಳ್ಳುವ ಚಿತ್ರವೂ ಇತ್ತು. ಹೀಗೇ ಏಳು ಜಾಗ. ಏಳೂ ಇದ್ದವು. ಏಳೂ ಪುಟದ ಕೆಳಗೆ, ಎಡಗಡೆ ಮೂಲೆಯಲ್ಲಿದ್ದವು.

ದಪ್ಪ ಪುಸ್ತಕಗಳಲ್ಲಿ ಹಾಳೆಗಳು ಸೇರುವ ನಡುಮಡಿಕೆಯೊಳಗೆ ಚಿತ್ರದ ಅಂಚು ನುಂಗಿಹೋಗುವುದುಂಟು. ಅದೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಏಳರಲ್ಲಿ ಆರು ಎಡಗಡೆಯ ಪುಟದ ಹೊರ ಅಂಚಿನಲ್ಲಿದ್ದವು, ಮಡಿಕೆಯ ಹತ್ತಿರ ಇರಲೇ ಇಲ್ಲ. ದೂರು ಬರೆಯಲು ಹಿಡಿದಿದ್ದ ಫೋನನ್ನು ಪಕ್ಕಕ್ಕಿಟ್ಟೆ.

ಮಧ್ಯಾಹ್ನ ಅಣ್ಣ ಬಂದ. ಎರಡು ಪುಟ ತುಂಬ ಒಂದೇ ಚಿತ್ರ ಇರುವ ಜಾಗವನ್ನು ಬೇಕೆಂದೇ ತೆಗೆದುಕೊಟ್ಟೆ. ಪಾಳುಬಿದ್ದ ಗಿರಣಿಯ ಮೆಟ್ಟಿಲ ಮೇಲೆ ಹಸಿರು ಕೈಯೋನು ನಿಂತಿದ್ದಾನೆ. ಮೆಟ್ಟಿಲ ಕೆಳಗೆ, ಎಡಮೂಲೆಯಲ್ಲಿ, ಕಬ್ಬಿಣದ ಸಲಾಕೆ ಹಿಡಿದು ಒಬ್ಬ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದಾನೆ.

"ಇವನಿಗೆ ಏಟು ಬೀಳುತ್ತೆ ನೋಡಣ್ಣ," ಎಂದೆ.

"ಯಾರು ಹೊಡೀತಾರೆ? ಒಬ್ನೇ ಅವ್ನಲ್ಲ."

"ಕೆಳಗೆ ಕೂತವನು?"

"ಎಲ್ಲಿ? ಯಾರೂ ಇಲ್ವಲ್ಲೇ."

ಅವನ ಬೆರಳು ಹಿಡಿದು ಆ ಮೂಲೆಯ ಮೇಲಿಟ್ಟೆ. ಅಣ್ಣ ಕತ್ತನ್ನು ಎಡಕ್ಕೆ ತಿರುಗಿಸಿ, ಗಲ್ಲ ತಗ್ಗಿಸಿ ನೋಡಿದ. "ಅರೆ, ಇವ್ನೆಲ್ಲಿದ್ದ!" ಎಂದು ನಕ್ಕ. ನಗು ತಡವಾಗಿ ಬಂತು.

ನೆಲದ ಮೇಲೆ ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತದೆಯೇ ಹೇಳಿದಳು: "ಮಾಮ ವ್ಯಾನ್ ಓಡಿಸ್ವಾಗ್ಲೂ ಹಂಗೇ ಕತ್ತು ತಿರುಗಿಸ್ತಾರಮ್ಮ. ಅದಕ್ಕೇ ನಾವು ಎಡಗಡೆ ಆಟ ಆಡೋದು."

"ಅದೇನೇ ಎಡಗಡೆ ಆಟ?"

"ಎಡಗಡೆ ಏನ್ ಬಂದ್ರೂ ಕೂಗ್ಬೇಕು. ಹಸು, ಸೈಕಲ್, ಅಜ್ಜಿ, ಏನಾದ್ರೂ. ಫಸ್ಟ್ ಕೂಗ್ದೋರಿಗೆ ಪೆಪ್ಪರ್‌ಮೆಂಟು. ಮಾಮಾನೇ ಹೇಳ್ಕೊಟ್ಟಿದ್ದು."

ಅಣ್ಣ ಪುಟ ತಿರುಗಿಸಿದ. ನನ್ನ ಮುಖ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ, ಹಾಲು ಕರೆಯುವ ಹೊತ್ತಾಯಿತೆಂದು ಎದ್ದು ಹೋದ. ಆಗಿನ್ನೂ ಮೂರೂವರೆ.

ಮಾರನೆಯ ದಿನ ಬಸ್ಸು ತಪ್ಪಿತು ಎಂದು ಸುಳ್ಳು ಹೇಳಿ ವ್ಯಾನು ಹತ್ತಿದೆ. ಅಣ್ಣನ ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿತು. ವ್ಯಾನಿನ ಎಡಮಗ್ಗುಲು ಉದ್ದಕ್ಕೆ ತರಚಿಹೋಗಿತ್ತು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲಾರಿ ಉಜ್ಜಿತು ಎಂದು ಅವನು ಹೇಳಿದ್ದು ನೆನಪಾಯಿತು.

ಊರು ದಾಟಿದ ಕೂಡಲೇ ಆಟ ಶುರುವಾಯಿತು. ಎಡಗಡೆಯ ಕಿಟಕಿಗಳಿಗೆ ಅಂಟಿ ಕೂತ ಮಕ್ಕಳು ಒಂದೇ ಸಮನೆ ಕೂಗುತ್ತಿದ್ದರು. "ಎಡಗಡೆ ಎಮ್ಮೆ!" "ಎಡಗಡೆ ಮೊಪೆಡ್ಡು!" "ಎಡಗಡೆ ಟೊಮೇಟೊ ಗಾಡಿ!" ಪ್ರತಿ ಕೂಗಿಗೂ ಸ್ಟೀರಿಂಗ್ ಇಷ್ಟೇ ಇಷ್ಟು ಬಲಕ್ಕೆ ಸರಿಯುತ್ತಿತ್ತು. ಹೊರಗಿನಿಂದ ನೋಡಿದವರಿಗೆ, ಎಷ್ಟು ಖುಷಿಯಾಗಿ ಶಾಲೆಗೆ ಹೋಗುತ್ತಿದ್ದಾರೆ ಈ ಮಕ್ಕಳು ಎನ್ನಿಸಬೇಕು. ಹದಿನಾಲ್ಕು ಮಕ್ಕಳು. ನನ್ನ ಮಗಳ ಧ್ವನಿ ಎಲ್ಲರಿಗಿಂತ ಜೋರಾಗಿತ್ತು.

ಮಾವಿನ ತೋಪಿನ ತಿರುವಿನಲ್ಲಿ ಇಬ್ಬರು ಮಕ್ಕಳು ಪೆಪ್ಪರ್‌ಮೆಂಟಿಗೆ ಕಿತ್ತಾಡಿದರು. ಉಳಿದವರು ಅವರತ್ತ ತಿರುಗಿದರು. ವ್ಯಾನಿನಲ್ಲಿ ಯಾರೂ ಕೂಗಲಿಲ್ಲ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ಎಡಗಡೆಯಿಂದ ರಸ್ತೆಗೆ ಕಾಲಿಟ್ಟಳು. ಅಣ್ಣನ ಕಾಲು ಬ್ರೇಕಿನತ್ತ ಹೋಗಲಿಲ್ಲ. ಕನ್ನಡಿಯಲ್ಲಿ ಕಂಡ ಅವನ ಕಣ್ಣು ನೇರವಾಗಿ, ಶಾಂತವಾಗಿ, ಖಾಲಿ ರಸ್ತೆಯನ್ನು ನೋಡುವಂತೆ ನೋಡುತ್ತಿತ್ತು.

"ಎಡಗಡೆ!" ಎಂದು ನಾನು ಕಿರುಚಿದೆ.

ವ್ಯಾನು ಬಲಕ್ಕೆ ವಾಲಿ ನಿಂತಿತು. ಹೊರೆ ಜಾರಿ ರಸ್ತೆಯ ಮೇಲೆಲ್ಲ ಹುಲ್ಲು ಚೆಲ್ಲಿತ್ತು. ಮುದುಕಿಗೆ ಏನೂ ಆಗಿರಲಿಲ್ಲ. ಅವಳು ಕಿಟಕಿಯ ಹತ್ತಿರ ಬಂದು, "ಕಂಡ್ಲು ಕನಪಡವಾ ನಾಯನಾ?" ಎಂದು ಕೇಳಿದಳು. ಕಣ್ಣು ಕಾಣುವುದಿಲ್ಲವೇನಪ್ಪ ಎಂದು. ಅವಳು ಬೈದಿರಲಿಲ್ಲ, ನಿಜಕ್ಕೂ ಕೇಳಿದ್ದಳು. ಅಣ್ಣ ಇಳಿದು ಹೋಗಿ ಹುಲ್ಲು ಒಟ್ಟುಮಾಡಿ, ಹೊರೆ ಕಟ್ಟಿ, ಅವಳ ತಲೆಗೆ ಎತ್ತಿಕೊಟ್ಟ. ಉಳಿದ ದಾರಿಯಲ್ಲಿ ನಾನೇ ಕೂಗುತ್ತಾ ಹೋದೆ. ಮಕ್ಕಳಿಗೆ ಅದು ತಮಾಷೆಯಾಗಿತ್ತು.

ಮಕ್ಕಳು ಶಾಲೆಯ ಒಳಗೆ ಹೋದ ಮೇಲೆ ಕೇಳಿದೆ, "ಯಾವಾಗಿಂದ?"

"ಹೋದ್ ಮಾವಿನ ಕಾಲದಿಂದ. ಮೊದ್ಲು ಗೊತ್ತೇ ಆಗ್ಲಿಲ್ಲ. ಎಡಗಡೆ ಉಜ್ಕೊಂಡು ಹೋದಾಗ ಗೊತ್ತಾಯ್ತು."

"ಡಾಕ್ಟ್ರಿಗೆ ತೋರಿಸಿದ್ಯಾ?"

"ತೋರಿಸಿದ್ರೆ ಓಡಿಸ್ಬೇಡ ಅಂತಾರೆ."

"ಕೀ ಕೊಡಣ್ಣ."

"ಪರೀಕ್ಷೆ ಮುಗಿಯೋವರ್ಗೂ ಇರೇ. ಇನ್ನೆಷ್ಟು, ಎರಡು ತಿಂಗ್ಳು. ಮಕ್ಳು ಕೂಗ್ತಾರಲ್ಲ. ಇಷ್ಟು ದಿನ ಏನಾಯ್ತು?"

"ಇವತ್ತು ಕೂಗ್ಲಿಲ್ಲ."

ಅವನು ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ನಮ್ಮಪ್ಪ ತೀರಿಕೊಂಡಾಗಲೂ ನಾನು ಅವನ ಮುಖ ಹಾಗಾದದ್ದನ್ನು ನೋಡಿರಲಿಲ್ಲ. "ನಾನು ಒಳಗೆ ಹೋಗಿ ಹೇಳ್ತೀನಿ," ಎಂದೆ.

"ಹೋಗು. ಹೇಳು. ಆಮೇಲೆ ನಂಗೆ ತಂಗಿ ಇಲ್ಲ."

ಒಳಗೆ ಹೋಗಲು ಆಗಲಿಲ್ಲ. ಕಚೇರಿಗೆ ಹೋಗಿ ಕುಳಿತೆ. ಪಹಣಿ ಕೇಳಿ ಬಂದವರೊಬ್ಬರಿಗೆ ಬೇರೆಯವರ ಕಾಗದ ಕೊಟ್ಟೆ. ಹನ್ನೊಂದೂವರೆಗೆ ಎದ್ದು, ಅರ್ಧ ದಿನ ರಜೆ ಬರೆದಿಟ್ಟು ಶಾಲೆಗೆ ನಡೆದೆ. ಮುಖ್ಯೋಪಾಧ್ಯಾಯಿನಿ ಪೂರ್ತಿ ಕೇಳಿಸಿಕೊಂಡು, "ಅವರು ನಿಮ್ಮ ಸ್ವಂತ ಅಣ್ಣ ಅಲ್ವೇನಮ್ಮ?" ಎಂದರು. ಹೌದು ಎಂದೆ. ಅವರು ಮತ್ತೇನೂ ಕೇಳದೆ ಫೋನು ಎತ್ತಿಕೊಂಡರು.

ಸಂಜೆ ಮಕ್ಕಳು ಬೇರೆ ವ್ಯಾನಿನಲ್ಲಿ ಬಂದರು. ಮಗಳು ಚೀಲ ಇಳಿಸದೆ ಬಾಗಿಲಲ್ಲೇ ನಿಂತಳು. "ಮಾಮ ಗೇಟ್ ಹತ್ರ ವ್ಯಾನಲ್ಲೇ ಕೂತಿದ್ರಮ್ಮ. ನಾನು ಟಾಟಾ ಮಾಡ್ದೆ. ನೋಡ್ಲಿಲ್ಲ. ನಾನು ಅವರ ಎಡಗಡೆ ಇದ್ದೆ. ಕಾಣಿಸ್ಲಿಲ್ವಾ, ಇಲ್ಲ ಕೋಪಾನಾ?"

ಚೀಲವನ್ನು ಅವಳ ಹೆಗಲಿಂದ ಇಳಿಸಿಕೊಂಡೆ.

ಆಮೇಲೆ ನಾಲ್ಕೂವರೆ ತಿಂಗಳು ಅಣ್ಣ ನನ್ನೊಡನೆ ಮಾತಾಡಲಿಲ್ಲ. ಎದುರಿಗೆ ಬಂದರೆ ಬೀದಿ ಬದಲಿಸುತ್ತಿದ್ದ. ಒಡಹುಟ್ಟಿದೋಳೇ ಅಣ್ಣನ ಅನ್ನಕ್ಕೆ ಮಣ್ಣು ಹಾಕಿದ್ಲು ಎಂದು ಊರಲ್ಲಿ ಆಡಿಕೊಂಡರು. ಅದನ್ನು ನನ್ನ ಕಿವಿಗೆ ಬೀಳುವಂತೆಯೇ ಆಡಿದರು. ಹಾಲಿನ ಡೇರಿಯ ಹತ್ತಿರ ಸಿಕ್ಕ ಅತ್ತಿಗೆ ಮಾತ್ರ ತಗ್ಗಿದ ದನಿಯಲ್ಲಿ ವಿಷಯ ಹೇಳಿದರು. ಕೋಲಾರದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಂತೆ. ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಏರಿ ನರ ಒಣಗುತ್ತಾ ಬಂದಿದೆ, ಎರಡೂ ಕಣ್ಣಿನಲ್ಲಿ ಹೆಚ್ಚುಕಡಿಮೆ ಅದೇ ಎಡಗಡೆ ಕೆಳಗಿನ ಜಾಗ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ಜೀವನಪೂರ್ತಿ ಡ್ರಾಪ್ಸ್. ವ್ಯಾನನ್ನು ಮಾರಿ ಅಣ್ಣ ಹೊಲದ ಕೆಲಸಕ್ಕೆ ನಿಂತ.

ನಾಲ್ಕನೇ ಸಂಪುಟ ಬಂತು. ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಬೀರುವಿನೊಳಗಿಟ್ಟೆ. ಒಬ್ಬಳೇ ಕೂತು ನೋಡುವ ಧೈರ್ಯ ಇರಲಿಲ್ಲ.

ಒಂದು ಬುಧವಾರ ಮಧ್ಯಾಹ್ನ ಕಚೇರಿಯ ಕಿಟಕಿಯ ಮುಂದೆ ಜನರ ಸಾಲಿನಲ್ಲಿ ಅಣ್ಣ ನಿಂತಿದ್ದ. ಸರದಿ ಬಂದಾಗ ಮುಂದೆ ಬಂದು, ಸರಳು ಹಿಡಿದುಕೊಂಡ.

"ಇದು ಮನೆತನದಲ್ಲಿ ಬರೋ ಕಾಯ್ಲೆಯಂತೆ. ಒಡಹುಟ್ಟಿದೋರೂ ತೋರಿಸ್ಬೇಕಂತೆ. ಡಾಕ್ಟ್ರು ಮೊದಲ್ನೇ ದಿನಾನೇ ಹೇಳಿದ್ರು." ಸರಳಿನ ಹತ್ತಿರಕ್ಕೆ ಮುಖ ತಂದು ಹೇಳಿದ, "ನಾನೇ ನಿಂಗೆ ಹೇಳ್ಲಿಲ್ಲ."

"ಅತ್ತಿಗೆಗೆ ಗೊತ್ತಿತ್ತಾ?"

"ಇಲ್ಲ. ಅವ್ಳು ಔಷಧಿ ತರಕ್ಕೆ ಹೋಗಿದ್ಲು."

"ಕೋಪಕ್ಕೆ ಹೇಳ್ಲಿಲ್ವಾ?"

"ಹೂಂ."

ಹಿಂದಿದ್ದವರು ಗೊಣಗತೊಡಗಿದರು. ಇಷ್ಟು ದಿನ ಅವನು ಅದನ್ನು ಒಳಗಿಟ್ಟುಕೊಂಡು ನನ್ನ ಮನೆಯ ಮುಂದೆಯೇ ಓಡಾಡಿದ್ದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆದರಿಕೆ ಬಂತು.

"ನಾಳೆ ಏಳೂಮುಕ್ಕಾಲಿನ ಬಸ್ಸಿಗೆ ಬಾ. ನಾನೂ ಬರ್ತೀನಿ," ಎಂದು ಹೇಳಿ ಹೋದ.

ಕೋಲಾರದ ಆಸ್ಪತ್ರೆಯಲ್ಲಿ ನನ್ನನ್ನು ಒಂದು ಯಂತ್ರದ ಮುಂದೆ ಕೂರಿಸಿದರು. ಒಂದು ಕಣ್ಣಿಗೆ ಮುಚ್ಚಳ. ಗಲ್ಲವನ್ನು ಪಟ್ಟಿಯ ಮೇಲಿಟ್ಟು, ಬಿಳಿಯ ಬೋಗುಣಿಯಂಥ ಗೋಡೆಯ ನಡುವಿನ ಚುಕ್ಕಿಯನ್ನೇ ನೋಡಬೇಕು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿನ ಗುಂಡಿ ಒತ್ತಬೇಕು. ಮಿನುಗಿತು, ಒತ್ತಿದೆ. ಮಿನುಗಿತು, ಒತ್ತಿದೆ. ಆಮೇಲೆ ತುಂಬ ಹೊತ್ತು ಏನೂ ಬರಲಿಲ್ಲ. ಯಂತ್ರ ಮಾತ್ರ ಒಳಗೊಳಗೇ ಟಕ್ ಟಕ್ ಎನ್ನುತ್ತಿತ್ತು. ಬೆಳಕು ಬರಲಿಲ್ಲವೋ, ಬಂದದ್ದು ನನಗೆ ಕಾಣಲಿಲ್ಲವೋ ತಿಳಿಯಲು ದಾರಿಯೇ ಇರಲಿಲ್ಲ. ಒಂದೆರಡು ಸಲ ಸುಮ್ಮನೆ ಒತ್ತಿಬಿಟ್ಟೆ. "ಊಹೆ ಮಾಡ್ಬೇಡಿ ಮೇಡಂ," ಎಂದಳು ಹಿಂದೆ ನಿಂತಿದ್ದ ಹುಡುಗಿ.

ಬಲಗಣ್ಣು ಸರಿಯಾಗಿದೆ ಎಂದರು ಡಾಕ್ಟರು. ಎಡಗಣ್ಣಿನಲ್ಲಿ ಶುರುವಾಗಿದೆ, ಸ್ವಲ್ಪ. ಇವತ್ತಿನಿಂದಲೇ ಡ್ರಾಪ್ಸ್ ಹಾಕಿ, ಆರು ತಿಂಗಳಿಗೊಮ್ಮೆ ಬನ್ನಿ. ಮಗಳನ್ನೂ ಒಮ್ಮೆ ಕರೆತನ್ನಿ, ಗಾಬರಿ ಬೇಡ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅಣ್ಣನೂ ನಾನೂ ಕುಳಿತೆವು. ನಾನು ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಎದುರಿಗೆ ನೋಡಿದೆ. ಹೂ ಮಾರುವವಳು, ಆಟೋಗಳ ಸಾಲು, ಮಾಲೂರಿನ ಬಸ್ಸು, ಅದರ ಪಕ್ಕ ಸೌತೆಕಾಯಿ ಕತ್ತರಿಸುವವನು.

"ಎಲ್ಲ ಕಾಣ್ತೈತಾ?" ಅಣ್ಣ ಕೇಳಿದ.

"ಎಲ್ಲ ಕಾಣ್ಸುತ್ತೆ. ಏನೂ ಬಿಟ್ಟೋಗಿಲ್ಲ."

ಅವನು ನನ್ನ ಕೈಯನ್ನು ಕಣ್ಣಿನ ಮೇಲಿಂದ ಇಳಿಸಿದ.

"ನಂಗೂ ಹಂಗೇ ಅನ್ಸೋದು," ಎಂದ.