ಓದದೆ ಬಿಟ್ಟ ಪದ್ಯ

ಕಾಕಾನ ಕೊರಳಲ್ಲಿ ದಾರವಿರಲಿಲ್ಲ, ದಾರ ಇದ್ದ ಗುರುತಿತ್ತು. ಬಿಸಿಲಿಗೆ ಸುಟ್ಟು ಕಪ್ಪಾದ ಕೊರಳ ಸುತ್ತ ಬಿಳಿಚಿದ ಒಂದು ಗೆರೆ ಇಳಿದು ಬಂದು ಎದೆಯ ನಡುವೆ ನಿಲ್ಲುತ್ತಿತ್ತು. ಅದು ನಿಂತ ಕಡೆ ಒಂದಿಷ್ಟು ಚರ್ಮ ಕೂಸಿನ ಮೈಯಂತೆ ನುಣ್ಣಗಿತ್ತು. ಹುಟ್ಟಿದಾಗಿನಿಂದ ಲಿಂಗದ ಕರಡಿಗೆ ಕೂತು ಉಜ್ಜಿದ ಜಾಗ ಅದು. ಅಂಗಿಯ ಗುಂಡಿ ಹಾಕಿಕೊಂಡಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಕಾಕಾ ಬೇಕೆಂತಲೇ ಗುಂಡಿ ಬಿಚ್ಚಿಕೊಂಡು ಊರೆಲ್ಲ ತಿರುಗುತ್ತಿದ್ದ.

ಅವನು ನನಗೆ ರಕ್ತಸಂಬಂಧಿಯಲ್ಲ. ನನ್ನ ತವರುಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ, ಅಷ್ಟೇ. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ಬಂಡಿದಾರಿಯ ಸಣ್ಣ ಊರು ನಮ್ಮದು. ನಿಜಾಮರ ಕಾಲ. ಗಂಡುಹುಡುಗರು ಸರಕಾರಿ ಶಾಲೆಗೆ ಹೋದರೆ ಉರ್ದು ಕಲಿತು ಬರುತ್ತಿದ್ದರು, ಹೆಣ್ಣುಹುಡುಗಿಯರು ಹೋಗುತ್ತಲೇ ಇರಲಿಲ್ಲ. ಹೀಗಾಗಿ ಹಳೆಯ ಕನ್ನಡ ಪುಸ್ತಕ ಬಿಡಿಸಿ ಓದಬಲ್ಲವರು ಊರಿಗೆಲ್ಲ ಇಬ್ಬರೇ ಉಳಿದಿದ್ದರು. ಒಬ್ಬರು ಮಠದಲ್ಲಿ ಪುರಾಣ ಹಾಡುವ ಐನಾರು. ಇನ್ನೊಬ್ಬ ಅದಕ್ಕೆ ಅರ್ಥ ಹೇಳುವ ಕಾಕಾ. ಊರವರಿಗೆ ಅವನು ಪುರಾಣದ ಕಾಕಾ.

ಶ್ರಾವಣ ಬಂತೆಂದರೆ ಸಂಜೆ ಮಠದಲ್ಲಿ ಜಾಗ ಸಿಗುತ್ತಿರಲಿಲ್ಲ. ಐನಾರು ಪದ್ಯ ಹಾಡುವರು. ನಮಗೆ ರಾಗ ತಿಳಿಯುತ್ತಿತ್ತೇ ಹೊರತು ಮಾತು ತಿಳಿಯುತ್ತಿರಲಿಲ್ಲ. ಕಾಕಾ ಮೂಗಿಗೆ ನಶ್ಯ ಏರಿಸಿ, ಹೆಗಲ ಮೇಲಿನ ಟವೆಲಿನಿಂದ ಮೂಗು ಒರೆಸಿಕೊಂಡು ಬಾಯಿ ತೆರೆದನೆಂದರೆ ಮಾತ್ರ ಪುರಾಣ ಶುರುವಾದ ಹಾಗೆ. ರಾಜನ ಮಾತಿಗೊಂದು ದನಿ, ರಾಣಿಯ ಮಾತಿಗೊಂದು ದನಿ. ಗಂಡ ಬಾರುಕೋಲು ತೆಗೆದುಕೊಂಡರೂ ಕಣ್ಣೀರು ಹಾಕದ ಗಟ್ಟಿ ಹೆಂಗಸರು ಕಾಕಾನ ಮುಂದೆ ಕೂತು ಗೊಳೋ ಅಂತ ಅಳುತ್ತಿದ್ದರು. ಅವರು ಅತ್ತರೆ ಕಾಕಾನಿಗೆ ಖುಷಿ. ಮನೆಗೆ ಬಂದು ಮಗಳನ್ನು ಕೇಳುತ್ತಿದ್ದ, "ಇವತ್ತ ಯಾರ‍್ಯಾರು ಅತ್ರಬೇ?" ಅವಳು ಬೆರಳು ಮಡಚಿ ಹೇಳುತ್ತಿದ್ದಳು.

ಆ ಮಗಳು ನನ್ನ ಓರಗೆಯವಳು, ನನ್ನ ಜೀವದ ಗೆಳತಿ. ತಾಯಿಯಿಲ್ಲದ ಹುಡುಗಿ. ಅಪ್ಪನೆಂದರೆ ಅವಳಿಗೆ ಪುರಾಣಕ್ಕಿಂತ ಒಂದು ತೂಕ ಹೆಚ್ಚು.

ಎಲ್ಲರೂ ಕಾಯುತ್ತಿದ್ದ ಸಂಧಿಯೊಂದಿತ್ತು. ಕೊರಳಿನ ಲಿಂಗವನ್ನು ಕಳೆದುಕೊಂಡ ಒಬ್ಬ ಭಕ್ತೆಯ ಕಥೆ. ಅಲ್ಲಿಗೆ ಬಂದಾಗ ಕಾಕಾನ ದನಿ ನಡುಗುತ್ತಿತ್ತು. "ಲಿಂಗ ಕಳಕೊಂಡಾಕಿ ಗಂಟಲದಾಗ ಒಂದು ಹನಿ ನೀರು ಇಳೀಬಾರದು! ಇನ್ನ ಯಾರ ಮುಂದ ಬದುಕಬೇಕು ಆಕಿ? ಯಾಕ ಬದುಕಬೇಕು?" ಆಗ ಹೆಂಗಸರ ಸಾಲಿನಲ್ಲಿದ್ದ ನಾವೆಲ್ಲ ಸೆರಗಿನೊಳಗೆ ಕೈ ಹಾಕಿ ಕರಡಿಗೆ ಇದೆಯೋ ಇಲ್ಲವೋ ಮುಟ್ಟಿ ನೋಡಿಕೊಳ್ಳುತ್ತಿದ್ದೆವು. ಅಷ್ಟಕ್ಕೆ ಪುಸ್ತಕ ಮುಚ್ಚಿ ಮಂಗಳಾರತಿ. ಮರುದಿನ ಬೇರೆ ಸಂಧಿ. ಎಷ್ಟು ಶ್ರಾವಣ ಕಳೆದರೂ ಪುಸ್ತಕ ಮುಚ್ಚುವ ಜಾಗ ಅದೇ.

ಆ ಸಂಧಿ ಅಲ್ಲಿಗೆ ಮುಗಿಯುವುದಿಲ್ಲವೆಂದು ಗೊತ್ತಿದ್ದವರು ಕಾಕಾ, ಐನಾರು ಮತ್ತು ಮಠದ ದೊಡ್ಡವರು ಮಾತ್ರ. "ಮಂದಿ ಅಂಜಿಕೊಂಡು ಮನೀಗೆ ಹೋಗ್ಲಿ, ಅಲ್ಲಿಗೇ ನಿಲ್ಲಸ್ರಿ" ಎಂದು ಹಿಂದಿನ ಅಜ್ಜಾರು, ಅಂದರೆ ಮಠದ ಸ್ವಾಮಿಗಳು, ಯಾವ ಕಾಲದಲ್ಲೋ ಹೇಳಿದ್ದರಂತೆ. ಕಾಕಾ ಯಾಕೆ ಎಂದು ಕೇಳಲಿಲ್ಲ. ಅಲ್ಲಿಗೆ ನಿಲ್ಲಿಸಿದರೆ ಅಳು ಚೆನ್ನಾಗಿ ಬರುತ್ತಿತ್ತು.

ಮದುವೆಯಾಗಿ ಸಿಂಧನೂರಿಗೆ ಹೋದ ಗೆಳತಿ ಆ ವರ್ಷ ಪಂಚಮಿಗೆ ತವರಿಗೆ ಬಂದಳು. ಚಳಿಜ್ವರದಿಂದ ಎದ್ದು ಬಂದವಳು, ಮುಖ ಅರಿಶಿನದ ಹಾಗೆ ಹಳದಿ. ನನ್ನನ್ನು ಊರಲ್ಲೇ ಎರಡು ಓಣಿ ಆಚೆ ಕೊಟ್ಟಿದ್ದರು. ಇಬ್ಬರೂ ಕೌದಿ ಒಗೆಯಲು ಹಳ್ಳಕ್ಕೆ ಹೋದೆವು. ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ನೆನೆದ ಕೌದಿ ಎಂದರೆ ಹೆಣದ ಭಾರ. ಅವಳೊಂದು ತುದಿ, ನಾನೊಂದು ತುದಿ ಹಿಡಿದು ಹಿಂಡುವಾಗ ಕೌದಿಯ ಹೊಲಿಗೆ ಅವಳ ಶಿವದಾರಕ್ಕೆ ಸಿಕ್ಕಿಕೊಂಡಿತು. ಎಳೆದದ್ದು ಅವಳೋ ನಾನೋ, ಹೇಳಲು ಬರುವಂತಿರಲಿಲ್ಲ. ದಾರ ಹರಿಯಿತು, ಕರಡಿಗೆ ನೀರಿಗೆ ಬಿತ್ತು. ಹೊತ್ತು ಇಳಿಯುವವರೆಗೂ ಉಸುಕಿನಲ್ಲಿ ಕೈ ಹಾಕಿ ಹುಡುಕಿದೆವು.

"ಯಾರಿಗೂ ಹೇಳಬ್ಯಾಡಬೇ. ಮಸ್ಕಿ ಸಂತ್ಯಾಗ ಒಂದು ತಂದು ಕಟಗೊಂಡ್ರಾತು" ಎಂದೆ.

ಅವಳು ನನ್ನ ಮುಖ ನೋಡಿದಳು. "ಅಪ್ಪ ಹೇಳಿದ್ದು ನೀ ಕೇಳಿಲ್ಲೇನು?"

ನಮ್ಮಲ್ಲಿ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕುವುದಿಲ್ಲ. ಲಿಂಗವೇ ಇಲ್ಲದ ಮೇಲೆ ಪೂಜೆ ಎಲ್ಲಿಂದ? ಮನೆಗೆ ಬಂದವಳು ಪಡಸಾಲೆಯ ಮೂಲೆ ಹಿಡಿದು ಕೂತಳು. ಹೊಸ ಲಿಂಗ ಮಠದ ಅಜ್ಜಾರ ಕೈಯಿಂದಲೇ ಬರಬೇಕು. ಅವರೋ ಲಿಂಗಸುಗೂರಿನ ಕಡೆ ಭಕ್ತರ ಮನೆಗಳಿಗೆ ಹೋಗಿದ್ದರು, ಯಾವ ಊರಲ್ಲಿದ್ದರೋ ಗೊತ್ತಿರಲಿಲ್ಲ. ಕಾಕಾ ಮಠಕ್ಕೆ ಓಡಿದ. ಮಠದ ವ್ಯವಹಾರ ನೋಡಿಕೊಳ್ಳುವ ಕಾರಭಾರಿ ಜಗಲಿಯಿಂದ ಏಳಲಿಲ್ಲ.

"ಅಜ್ಜಾರು ಬರೂತನಕ ತಡೀಬೇಕ್ರಿ. ಊರ ಮಂದಿಗೊಂದು ಹುಕುಂ, ನಿಮ್ಮ ಮಗಳಿಗೊಂದು ಹುಕುಂ ಅಂದ್ರ ಹೆಂಗ? ವರ್ಷ ವರ್ಷ ಹೇಳಾವ್ರು ನೀವ ಅಲ್ಲೇನು?"

ಕಾಕಾ ತಿರುಗಿ ಬಂದು ತನ್ನ ಕೊರಳಿನದನ್ನೇ ಬಿಚ್ಚಿ ಅವಳ ಮುಂದೆ ಹಿಡಿದ. "ಇದನ್ನ ಕಟಗೋ ಯವ್ವಾ, ಪೂಜಿ ಮಾಡಿ ನೀರು ಕುಡಿ." ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಆಮ್ಯಾಲೆ ನಿನ್ನ ಗತಿ?"

ಆಗ ಅವನು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. "ಯವ್ವಾ, ಅದು ಅಷ್ಟಕ್ಕ ಮುಗಿಯೂದಿಲ್ಲ. ಮುಂದ ಪದ್ಯ ಅದಾವು. ನೀರಾಗ ಹೋದದ್ದು ಕಲ್ಲು, ಉಸಿರಿನಾಗ ಇದ್ದದ್ದು ಎಲ್ಲಿಗೂ ಹೋಗೂದಿಲ್ಲ ಅಂತ ಐತಿ. ಆಕಿಗೆ ಮೊದಲ ಉಣ್ಣಾಕ ಹಾಕ್ರಿ, ಆಮ್ಯಾಲೆ ಲಿಂಗ ಕಟ್ರಿ ಅಂತ ಐತಿ. ನಾ ಓದಿದ್ದಿಲ್ಲ. ಅದನ್ನ ನಾವು ಓದೂದಿಲ್ಲ."

ಗೆಳತಿ ಅವನನ್ನು ನೋಡುತ್ತಾ ನಕ್ಕಳು.

"ಬುದ್ಧಿ ಬಂದಾಗಿಂದ ಕೇಳಾಕತ್ತೀನಿ ಅಪ್ಪಾ. ಒಂದು ವರ್ಷನೂ ನೀ ಇದನ್ನ ಹೇಳಿಲ್ಲ. ಈಗ ನನ್ನ ಸಲುವಾಗಿ ಹೊಸಾದು ಹುಟ್ಟಿಸಿ ಹೇಳತಿ. ಆ ಪಾಪ ನಿನಗ್ಯಾಕ?"

ಕಾಕಾ ಮಳೆಯಲ್ಲೇ ಹೋಗಿ ಮಠದ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿ ತಂದ. ಹಾಳೆ ತೆರೆದು ಸಾಲಿನ ಮೇಲೆ ಬೆರಳಿಟ್ಟ. "ಇಲ್ಲಿ ನೋಡು. ಇಲ್ಲಿ ಐತಿ ನೋಡು." ಅವಳು ಬಗ್ಗಿ ನೋಡಿದಳು, ನಾನೂ ನೋಡಿದೆ. ಇರುವೆ ಸಾಲು. ಪುರಾಣ ಹೇಳುವವನ ಮಗಳು, ಅವಳಿಗೆ ಒಂದಕ್ಷರ ಬರುತ್ತಿರಲಿಲ್ಲ. ಸುದ್ದಿ ತಿಳಿದು ಸಿಂಧನೂರಿನಿಂದ ಗಂಡ ಬಂಡಿ ಕಟ್ಟಿಕೊಂಡು ಬಂದ. ತಹಸೀಲ್ ಕಚೇರಿಯಲ್ಲಿ ಕಾರಕೂನ, ಉರ್ದುವಿನಲ್ಲಿ ಅರ್ಜಿ ಬರೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ಪುಸ್ತಕವನ್ನು ಅವನು ಹಾಗೆ ಹೀಗೆ ತಿರುವಿ, ಕನ್ನಡ ಓದಲು ಬಾರದೆ ನೆಲಕ್ಕಿಟ್ಟ. ಉಳಿದವರು ಐನಾರೊಬ್ಬರೇ. ಕಾಕಾ ಅವರನ್ನು ಕರೆತಂದ. ಅವರು ಹೊಸ್ತಿಲ ಆಚೆಗೇ ನಿಂತರು.

"ಖರೇ ಹೇಳ್ರಿ, ಐತೋ ಇಲ್ಲೋ? ನೀವು ಓದಿದ್ರ ನಂಬತಾಳ. ಒಂದು ಪದ್ಯ ಓದ್ರಿ ಸಾಕು" ಎಂದು ಕಾಕಾ ಅವರ ಕಾಲಿಗೆ ಬಿದ್ದ.

ಐನಾರ ಕಣ್ಣು ತುಂಬಿದ್ದವು. ಅದನ್ನು ಇಲ್ಲ ಎನ್ನಲಾರೆ. ಆದರೆ ಬಾಯಿಂದ ಬಂದದ್ದು ಇಷ್ಟೇ: "ಮಠದ ಅಪ್ಪಣಿ ಇಲ್ಲದ ಹೆಂಗ ಓದ್ಲಿರಿ? ಅಜ್ಜಾರು ಬರ್ಲಿ."

ಅಜ್ಜಾರ ಬಂಡಿ ಊರೊಳಗೆ ಬಂದ ಸಂಜೆ ನಾವು ಗೆಳತಿಯನ್ನು ಮಣ್ಣು ಮಾಡಿ ಬರುತ್ತಿದ್ದೆವು. ಖಾಲಿ ಹೊಟ್ಟೆಗೆ ಜ್ವರ ಮರಳಿ ಬಂದಿತ್ತು. ಕೊನೆಗೆ ನಾನು ಒದ್ದೆ ಬಟ್ಟೆಯಿಂದ ತುಟಿ ಒರೆಸಹೋದರೂ ಹಲ್ಲು ಕಚ್ಚಿ ಮುಖ ತಿರುಗಿಸಿದಳು.

ನಮ್ಮಲ್ಲಿ ಸತ್ತವರ ಎಡಗೈಯಲ್ಲಿ ಅವರ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ಲಿಂಗವಿಲ್ಲದವಳಿಗೆ ಮಠದ ಜಾಗ ಕೊಡುವುದಿಲ್ಲವೆಂದು ಕಾರಭಾರಿ ಹೇಳಿ ಕಳಿಸಿದ. ಕಾಕಾ ತನ್ನ ಹೊಲದ ಮೂಲೆಯಲ್ಲಿ ಬೇವಿನ ಗಿಡದ ಕೆಳಗೆ ಕುಣಿ ತೋಡಿಸಿದ. ತನ್ನ ಶಿವದಾರ ಹರಿದು, ಲಿಂಗವನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಒಂದೊಂದಾಗಿ ಮಡಚಿದ. ಅವನ ಕೊರಳು ಬರಿದಾದದ್ದು ಹಾಗೆ.

ಅಜ್ಜಾರು ಕೆಟ್ಟವರೇನಲ್ಲ. ಆದದ್ದಾಯಿತು, ಹೊಸ ಲಿಂಗ ಕಟ್ಟುತ್ತೇವೆ, ಪುರಾಣ ನಿಲ್ಲಬಾರದು ಎಂದು ಕರೆಸಿದರು. ಕಾಕಾ ಹೋದ. ಮಠ ಕಿಕ್ಕಿರಿದಿತ್ತು. ಅವನು ಕೂರಲಿಲ್ಲ, ನಿಂತೇ ಪುಸ್ತಕ ತೆರೆದು ಬಿಟ್ಟ ಪದ್ಯಗಳನ್ನು ರಾಗವಿಲ್ಲದೆ ಓದಿ ಅರ್ಥ ಹೇಳಿದ. ಅಂದು ಯಾರೂ ಅಳಲಿಲ್ಲ.

"ಇದನ್ನ ನಿಮಗ ಹೇಳಿದ್ದಿಲ್ಲ ನಾ. ಮಠಕ್ಕ ಅಂಜೋ ಮಂದಿ ಬೇಕಾಗಿತ್ತು, ನನಗ ಅಳೋ ಮಂದಿ ಬೇಕಾಗಿತ್ತು. ಇಬ್ಬರೂ ಕೂಡಿ ಅರ್ಧಾ ಪುರಾಣ ಓದಿದಿವಿ. ಲಿಂಗ ಇಲ್ಲದವ ಬದುಕಬಾರದು ಅಂದವ ನಾನ. ನೋಡ್ರಿ, ಬದುಕೀನಿ."

ಕಾರಭಾರಿ ಬಂದು ಅವನ ಕೈಯಿಂದ ಪುಸ್ತಕ ಕಿತ್ತುಕೊಂಡ. ಅಂದಿನಿಂದ ಮಠದ ಬಾಗಿಲು ಅವನಿಗೆ ಮುಚ್ಚಿತು, ಬಹಳ ಮನೆಗಳ ಬಾಗಿಲೂ ಮುಚ್ಚಿದವು.

ಕೆಲವು ತಿಂಗಳಾದ ಮೇಲೆ ನಾನು ತವರಿಗೆ ಬಂದಾಗ ಗೋಡೆಯಾಚೆಯಿಂದ ಕರೆದ. "ಯವ್ವಾ, ಅಕ್ಷರಾ ಕಲೀತಿಯೇನು?" ಕಲಿಯುತ್ತೇನೆ ಎಂದೆ. "ಕೊರಳಾಗ ಲಿಂಗ ಇಲ್ಲದಾತನ ಹಂತೇಲಿ ಏನ ಕಲಿಯೂದೈತಿ, ಲಿಂಗ ಕಳಿಯೂದೇನು?" ಎಂದು ನನ್ನತ್ತೆ ಹಂಗಿಸಿದಳು. ನನಗೆ ಯಾರಾದರೂ ಬೇಡವೆಂದರೆ ಬೇಕೇ ಬೇಕು. ಅರಳೆ ಬಿಡಿಸುವ ನೆಪದಲ್ಲಿ ಬುಟ್ಟಿ ಹೊತ್ತು ಅವನ ಪಡಸಾಲೆಗೆ ಹೋಗುತ್ತಿದ್ದೆ. ಮೊರದಲ್ಲಿ ಒಲೆಯ ಬೂದಿ ಹರಡಿ ಅಕ್ಷರ ತಿದ್ದಿಸುತ್ತಿದ್ದ. ನಾನು ತಪ್ಪಿದರೆ ಬೈಯುತ್ತಿರಲಿಲ್ಲ, ನಡುವೆ ನಿಲ್ಲಿಸಿದರೆ ಬೈಯುತ್ತಿದ್ದ. "ಹೂಂ, ಮುಂದ?" ಅದೇ ಅವನ ಮಾತಾಗಿಬಿಟ್ಟಿತ್ತು. ಯಾರಾದರೂ ಮತ್ತೊಬ್ಬರ ಮನೆಯ ಸುದ್ದಿ ತಂದರೂ ಅಷ್ಟೇ. "ಹೂಂ, ಮುಂದ? ಪೂರಾ ಹೇಳು. ಅರ್ಧಾ ಹೇಳಿ ಎದ್ದು ಹೋಗಬ್ಯಾಡ." ಚಾಡಿ ಹೇಳಲು ಬಂದವರು ಬೇಸತ್ತು ಬರುವುದನ್ನೇ ಬಿಟ್ಟರು.

ಸಿಂಧನೂರಿನ ಅಳಿಯ ಎಲ್ಲಿಂದಲೋ ಅದೇ ಪುರಾಣದ ಇನ್ನೊಂದು ಪ್ರತಿ ತಂದುಕೊಟ್ಟ. ಮತ್ತೆ ಮದುವೆಯಾದ ಮೇಲೂ ಅವನು ಕಾಕಾನನ್ನು ನೋಡಲು ಬರುತ್ತಿದ್ದ. ಕಾಕಾ ಆ ಪುಸ್ತಕ ಹೊತ್ತು ಮಸ್ಕಿಯ ಸಂತೆಗೆ ಹೋಗಿ, ಕಟ್ಟೆಯ ಮೇಲೆ ಕೂತು, ಬಿಟ್ಟ ಪದ್ಯಗಳನ್ನೇ ಓದುತ್ತಿದ್ದ. ಹುಚ್ಚು ಹಿಡಿದಿದೆ ಎಂದವರಿದ್ದರು, ಉಗುಳಿ ಹೋದವರಿದ್ದರು. "ಮಠದಾಗ, ಗುಡಿಯಾಗ, ಮಸೀದಿಯಾಗ, ಎಲ್ಲಾ ಕಡೆ ಪುಸ್ತಕ ತೆರೀತಾರ. ಎಲ್ಲಿ ಮುಚ್ಚತಾರ ಅನ್ನೂದನ್ನ ನೋಡಬೇಕವ್ವ" ಎನ್ನುತ್ತಿದ್ದ. ಆದರೆ ದೇವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಎಲ್ಲರೂ ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜಿಸುವ ಹಾಗೆಯೇ ಬರಿ ಅಂಗೈಯನ್ನು ಮುಖದ ಮುಂದೆ ಹಿಡಿದು ಕೂರುತ್ತಿದ್ದ. ಆ ಖಾಲಿ ಕೈಯಲ್ಲಿ ಅವನು ಏನು ನೋಡುತ್ತಿದ್ದನೋ ಕೇಳುವ ಧೈರ್ಯ ನನಗೆ ಬರಲಿಲ್ಲ.

ರಜಾಕಾರರ ಗದ್ದಲದಲ್ಲಿ ಊರು ಅರ್ಧ ಖಾಲಿಯಾಗಿತ್ತು. ಕಾಕಾ ಹಾಸಿಗೆ ಹಿಡಿದಿದ್ದ, ಎಲ್ಲಿಗೂ ಹೋಗಲಿಲ್ಲ. ನಾನು ಗಂಜಿ ಒಯ್ದಾಗ ಕೈ ಹಿಡಿದುಕೊಂಡ.

"ನಾ ಹೋದಮ್ಯಾಲೆ ಯಾರರ ಕನಿಕರ ಬಂದು ಲಿಂಗ ತಂದ್ರ ಬ್ಯಾಡನ್ನು. ನನ್ನ ಕೈ ಖಾಲಿ ಇರ್ಲಿ. ನಂದು ಆಕಿ ಕೈಯಾಗ ಐತಿ."

"ಹೂಂ ಕಾಕಾ."

"ಇನ್ನೊಂದು ಕೆಲಸ ಐತಿ. ಅದಕ್ಕ ನಿನಗ ಕಲಿಸಿದ್ದು. ನಾ ಹೇಳಿದ್ರ ಆಕಿ ನಂಬಲಿಲ್ಲ. ನೀ ಹೇಳಿದ್ರ ನಂಬತಾಳ."

ಅವನಿಗೆ ಹೆಗಲು ಕೊಡಲು ನಾಲ್ಕು ಜನ ಸಿಕ್ಕಿದ್ದೇ ಹೆಚ್ಚು. ಬೇವಿನ ಗಿಡದ ಕೆಳಗೆ ಮಗಳ ಮಗ್ಗುಲಲ್ಲೇ ಅವನನ್ನು ಕೂರಿಸಿದೆವು. ಬರಿಗೈಯ ಬೆರಳುಗಳನ್ನು ನಾನೇ ಮಡಚಿದೆ. ಬಂದವರು ಕೈಕಾಲು ತೊಳೆಯಲು ಬಾವಿಯ ಕಡೆ ಹೋದ ಮೇಲೆ ನಾನು ಹುಲ್ಲು ಬೆಳೆದಿದ್ದ ಅವಳ ಮಣ್ಣಿನ ಹತ್ತಿರ ಕೂತು ಪುಸ್ತಕ ತೆರೆದೆ. ನಾವೆಲ್ಲ ಕೊರಳು ಮುಟ್ಟಿ ನೋಡಿಕೊಳ್ಳುತ್ತಿದ್ದ ಪದ್ಯವನ್ನು ಮೊದಲು ಓದಿದೆ. ಅಲ್ಲಿ ನಿಲ್ಲಿಸಲಿಲ್ಲ. ಸಾಲಿನ ಮೇಲೆ ಬೆರಳಿಟ್ಟು, ಒಂದಕ್ಷರವೂ ಬಿಡದೆ, ಸಂಧಿ ಮುಗಿಯುವವರೆಗೂ ಗಟ್ಟಿಯಾಗಿ ಓದಿದೆ.

"ಕೇಳಿದೇನಬೇ?" ಎಂದೆ. "ನಿಮ್ಮಪ್ಪ ಹುಟ್ಟಿಸಿ ಹೇಳಿದ್ದಲ್ಲ. ಬರದೈತಿ. ನಾನ ಓದೀನಿ."