ತಲೆಯ ಮೇಲಿನ ಟವೆಲ್

ಭದ್ರಾವತಿಯ ಹೊರಬಡಾವಣೆಯ ಹೊಸ ಚರ್ಚಿನಲ್ಲಿ ಭಾನುವಾರದ ಸಂದೇಶ ಕೊಡಲು ನನ್ನನ್ನು ಕರೆದಿದ್ದರು. ಒಳಗೆ ಜಾಗ ಸಾಲದೆ ಜನ ಶಾಮಿಯಾನದಲ್ಲೂ ಕೂತಿದ್ದರು. ನಾನು ವೇದಿಕೆ ಹತ್ತುವಷ್ಟರಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬರು ಕೈ ಹಿಡಿದರು.

"ತಲೆ ಮೇಲೆ ಸೆರಗು ಹಾಕ್ಕೊಳ್ಳಿ ಮೇಡಂ. ಇಲ್ಲಿ ಹೆಂಗಸರು ಬರಿತಲೇಲಿ ಪ್ರಾರ್ಥನೆ ಮಾಡಲ್ಲ."

ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಶಿಸ್ತಿನಂತೆ ಸೆರಗಿನ ನೆರಿಗೆಗೆ ಆರು ಪಿನ್ ಹಾಕಿದ್ದೆ. ಎಳೆದರೂ ಅದು ಕಿವಿಯವರೆಗೂ ಬರಲಿಲ್ಲ.

"ಪಿನ್ ತೆಗೆಯೋದಿಲ್ಲ," ಎಂದೆ.

"ಬೇಡ ಬಿಡಿ ಮಾರಾಯ್ತಿ," ಎಂದವರೇ ತೊಡೆಯ ಮೇಲಿದ್ದ ಮೊಮ್ಮಗುವಿನ ಟವೆಲ್ಲನ್ನು ನನ್ನ ತಲೆಗೆ ಹೊದಿಸಿದರು.

ಅದನ್ನು ಹೊದ್ದೇ, ಚೀಟಿ ನೋಡದೆ, ಅರ್ಧ ಗಂಟೆ ಮಾತಾಡಿದೆ. ಒಬ್ಬರೂ ಅಲುಗಾಡಲಿಲ್ಲ.

ವೇದಿಕೆ ಇಳಿದು ಬಂದಾಗ, "ಟವೆಲ್ ಕೊಡಿ ಮೇಡಂ," ಎಂದರು ಅಜ್ಜಿ. "ನೀವು ಶುರು ಮಾಡಿದಾಗ್ಲೇ ಮಗು ಒದ್ದೆ ಮಾಡ್ಕೊಂಡ್ತು. ನಿಮ್ಮ ಮಾತು ಬಿಟ್ಟು ಏಳೋಕೆ ಮನಸ್ಸು ಬರ್ಲಿಲ್ಲ."

ಮಗುವಿನ ಅಭಿಪ್ರಾಯ ನಾನು ಕೇಳಲಿಲ್ಲ.